ಊರಿನ ಸ್ಟುಡಿಯೋದ ಡಿಸ್ಕ್‌ಗಳನ್ನು ಬೆಂಗಳೂರಿನಿಂದ ನೋಡಿಕೊಳ್ಳಬೇಕು, ಓಪನ್‌ಮೀಡಿಯಾವಾಲ್ಟ್ ಹಾಕಿದವರು ಯಾರಾದರೂ ಇದ್ದೀರಾ?

ಶಿರಸಿ_ಹುಡುಗ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನನ್ನ ಚಿಕ್ಕಪ್ಪನ ಫೋಟೋ ಸ್ಟುಡಿಯೋ ಇದೆ. ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ಗ್ರೂಪ್ ಫೋಟೋ, ಎಲ್ಲಾ ಮಾಡುತ್ತಾರೆ. ಹದಿನೈದು ವರ್ಷದ ಫೋಟೋಗಳು ಏಳು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳಲ್ಲಿ ಹಂಚಿಹೋಗಿವೆ. ಯಾವುದು ಎಲ್ಲಿದೆ ಅಂತ ಗೊತ್ತಿರುವುದು ಅವರೊಬ್ಬರಿಗೇ. ಅದೂ ಡಿಸ್ಕ್ ಮೇಲೆ ಅಂಟಿಸಿದ ಬಿಳಿ ಪ್ಲಾಸ್ಟರ್ ಓದಿ. ಹೋದ ತಿಂಗಳು ಒಂದು ಡಿಸ್ಕ್ ಟಕ್ ಟಕ್ ಅನ್ನಲು ಶುರುಮಾಡಿ ಎರಡು ಮದುವೆಯ ಫೋಟೋ ನುಂಗಿತು. ಚಿಕ್ಕಪ್ಪ ಆ ಮನೆಗಳಿಗೆ ಹೋಗಿ ಕೈಮುಗಿದು ಬಂದರು.

ನನ್ನ ಯೋಚನೆ ಹೀಗಿದೆ. ಸ್ಟುಡಿಯೋದಲ್ಲಿ ಒಂದು ಹಳೇ ಪಿಸಿ ಸುಮ್ನೆ ಬಿದ್ದಿದೆ. ನಾಲ್ಕನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ. ಅದಕ್ಕೆ 4 ಟಿಬಿಯ ಎರಡು ಡಿಸ್ಕ್ ಹಾಕಿ ಓಪನ್‌ಮೀಡಿಯಾವಾಲ್ಟ್ (ಓಎಂವಿ, ಪಿಸಿಯನ್ನು ನೆಟ್‌ವರ್ಕ್‌ನಲ್ಲಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ ಮಾಡುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡೋಣ ಅಂತ. ಎಡಿಟಿಂಗ್ ಮಾಡುವ ಎರಡು ವಿಂಡೋಸ್ ಪಿಸಿಗಳಿಂದ ಫೋಟೋ ಅಲ್ಲಿಗೆ ಹೋಗಬೇಕು. ಮುಖ್ಯವಾಗಿ ನಾನು ಇಲ್ಲಿ ಕೂತು ಡಿಸ್ಕ್ ಹೇಗಿದೆ, ಜಾಗ ಎಷ್ಟಿದೆ ಅಂತ ನೋಡಬೇಕು. ಊರಿಗೆ ಹೋಗುವುದು ಎರಡು ತಿಂಗಳಿಗೊಮ್ಮೆ. ಮುಂದಿನ ವಾರ ಎರಡು ದಿನ ಹೋಗುತ್ತಿದ್ದೇನೆ, ಅಷ್ಟರಲ್ಲಿ ಮುಗಿಸಬೇಕು. ಎಲ್ಲಿ ಎಡವುತ್ತೇನೆ ಅಂತ ಮೊದಲೇ ಹೇಳಿಬಿಡಿ.

ಬೆಣ್ಣೆದೋಸೆ · ಭಾನುವಾರ ರಾತ್ರಿ 9:58

ಇದಕ್ಕೆ ಎರಡು ದಿನ ಯಾಕೆ ಗುರು? ಐಎಸ್ಓ ಫೈಲ್ ಇಳಿಸಿಕೋ, ಪೆನ್‌ಡ್ರೈವ್‌ಗೆ ಬರಿ, ಇನ್‌ಸ್ಟಾಲ್ ಮಾಡು. ಇಪ್ಪತ್ತು ನಿಮಿಷ. ಆಮೇಲೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೆ, ಅಂದರೆ ಹೊರಗಿನಿಂದ ಆ ಪಿಸಿಗೆ ಬರಲು ಬಾಗಿಲು ತೆರೆದರೆ, ಬೆಂಗಳೂರಿನಲ್ಲಿ ಬ್ರೌಸರ್ ತೆರೆದು ಲಾಗಿನ್ ಆಗಬಹುದು. ಮುಗೀತು.

ಕಡಲತಡಿ · ಭಾನುವಾರ ರಾತ್ರಿ 10:15

ಅಯ್ಯೋ, ಆ ಕೊನೆಯ ಸಾಲು ಬೇಡ ಮಾರಾಯ್ರೆ!

ಡಿಸ್ಕ್ ಇರುವ ಪೆಟ್ಟಿಗೆಯ ಲಾಗಿನ್ ಪುಟವನ್ನು ಇಂಟರ್ನೆಟ್‌ಗೆ ತೆರೆದಿಡುವುದು ಅಂದರೆ ತಿಜೋರಿಯನ್ನು ತಂದು ರಸ್ತೆ ಬದಿ ಇಟ್ಟ ಹಾಗೆ. ಬೀಗ ಗಟ್ಟಿ ಇರಬಹುದು, ಆದರೆ ಹೋಗುವವರು ಬರುವವರೆಲ್ಲ ಒಂದು ಸಲ ಅಲ್ಲಾಡಿಸಿ ನೋಡುತ್ತಾರೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಿಸ್ಕ್‌ಗಳ ಕಥೆ ನೆನಪಿದೆಯಾ? ಜನ ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ಯಾರೋ ದೂರದಿಂದಲೇ ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟಿದ್ದರು. ಆ ಸಾಧನಕ್ಕೆ ಕೊನೆಯ ಅಪ್‌ಡೇಟ್ ಬಂದದ್ದು 2015ರಲ್ಲಿ. ಅದಾಗಿ ಏಳು ತಿಂಗಳಿಗೆ, 2022ರ ಜನವರಿಯಲ್ಲಿ, ಡೆಡ್‌ಬೋಲ್ಟ್ ಎಂಬ ಸುಲಿಗೆ ಸಾಫ್ಟ್‌ವೇರ್ ಬಂತು. ಇಂಟರ್ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ಡಿಸ್ಕ್ ಪೆಟ್ಟಿಗೆಗಳ ಫೈಲ್‌ಗಳನ್ನೆಲ್ಲ ಲಾಕ್ ಮಾಡಿ, ಲಾಗಿನ್ ಪುಟದಲ್ಲೇ 0.03 ಬಿಟ್‌ಕಾಯಿನ್ ಕೊಡಿ ಅಂತ ಬೋರ್ಡ್ ಹಾಕಿತ್ತು.

ಅವೆಲ್ಲ ಕಂಪನಿಯವರು ಮಾಡಿ ಮಾರಿದ ಪೆಟ್ಟಿಗೆಗಳು. ನಾವು ಮನೆಯಲ್ಲಿ ಕಟ್ಟಿದ್ದು ಅದಕ್ಕಿಂತ ಭದ್ರ ಅಂತ ನಂಬಬೇಡಿ.

ಬೆಣ್ಣೆದೋಸೆ · ಭಾನುವಾರ ರಾತ್ರಿ 10:21

ನಂದು ನಾಲ್ಕು ವರ್ಷದಿಂದ ಹಾಗೇ ಇದೆ ಅಕ್ಕ, ಏನೂ ಆಗಿಲ್ಲ.

ಕಡಲತಡಿ · ಭಾನುವಾರ ರಾತ್ರಿ 10:24

ಆಗಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಲಾಗ್ ತೆಗೆದು ನೋಡಿ. ತಪ್ಪು ಪಾಸ್‌ವರ್ಡ್ ಹಾಕಿ ಎಷ್ಟು ಸಲ ಪ್ರಯತ್ನ ಆಗಿದೆ ಅಂತ ಎಣಿಸಿ, ಆಮೇಲೆ ಬನ್ನಿ.

ಹಳೇ_ಲಿನಕ್ಸಿಗ · ಸೋಮವಾರ ಬೆಳಿಗ್ಗೆ 6:50

ಜಗಳ ಆಮೇಲೆ. ಹುಡುಗ ಕೇಳಿದ್ದಕ್ಕೆ ಉತ್ತರ ಕೊಡೋಣ.

ಓಪನ್‌ಮೀಡಿಯಾವಾಲ್ಟ್ ಒಳ್ಳೆಯ ಆಯ್ಕೆ. ಫ್ರೀನ್ಯಾಸ್ ಎಂಬ ಇಂಥದ್ದೇ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುತ್ತಿದ್ದ ಫೋಲ್ಕರ್ ಥೈಲೆ ಅದರಿಂದ ಹೊರಬಂದು ಡೆಬಿಯನ್ ಎಂಬ ಲಿನಕ್ಸ್ ಮೇಲೆ ಕಟ್ಟಿದ್ದು ಇದು. ಫ್ರೀನ್ಯಾಸ್ ಈಗ ಟ್ರೂನ್ಯಾಸ್ ಆಗಿದೆ, ಅದಕ್ಕೆ 8 ಜಿಬಿ ರ‍್ಯಾಮ್ ಕನಿಷ್ಠ. ಓಎಂವಿ 1 ಜಿಬಿಯಲ್ಲೂ ಓಡುತ್ತದೆ. ನಿನ್ನ ಪಿಸಿಗೆ ಇದೇ ಸರಿ. ಓಎಂವಿ 7 ಹಾಕು, ಅದು ಡೆಬಿಯನ್ 12ರ ಮೇಲೆ ಕೂತಿದೆ.

ಹೋಗುವ ಮೊದಲು ಇದನ್ನು ಓದಿಕೋ.

ಇನ್‌ಸ್ಟಾಲ್ ಮಾಡುವಾಗ ಡೇಟಾ ಡಿಸ್ಕ್ ಎರಡನ್ನೂ ಬಿಚ್ಚಿಡು. ಕೇಬಲ್ ಎಳೆದು ಪಕ್ಕಕ್ಕೆ ಇಡು. ಒಳಗೆ ಎಸ್‌ಎಸ್‌ಡಿ ಒಂದೇ ಇರಲಿ. ಇನ್‌ಸ್ಟಾಲರ್ ಯಾವ ಡಿಸ್ಕ್‌ಗೆ ಹಾಕಲಿ ಅಂತ ಕೇಳುತ್ತದೆ, ರಾತ್ರಿ ಹನ್ನೊಂದಕ್ಕೆ ಕಣ್ಣು ಮಂಜಾಗಿ ತಪ್ಪು ಡಿಸ್ಕ್ ಒತ್ತಿದವರಲ್ಲಿ ನಾನೂ ಒಬ್ಬ. ಅದು ಆ ಡಿಸ್ಕ್ ಪೂರ್ತಿ ತನಗೇ ತೆಗೆದುಕೊಳ್ಳುತ್ತದೆ. ಡೆಬಿಯನ್ ಬೇರೆ ಹಾಕಿ ಅದರ ಮೇಲೆ ಓಎಂವಿ ಕೂರಿಸುವ ದಾರಿಯೂ ಇದೆ. ಹಾಗೆ ಮಾಡುವುದಾದರೆ ಡೆಸ್ಕ್‌ಟಾಪ್ (ಕಿಟಕಿ, ಐಕಾನ್ ತೋರಿಸುವ ಭಾಗ) ಹಾಕಬೇಡ. ಡೆಸ್ಕ್‌ಟಾಪ್ ಕಂಡರೆ ಸ್ಕ್ರಿಪ್ಟ್ ಅಲ್ಲೇ ನಿಂತುಬಿಡುತ್ತದೆ.

ಮುಗಿದ ಮೇಲೆ ಕಪ್ಪು ಪರದೆಯಲ್ಲಿ ಒಂದು ಐಪಿ ವಿಳಾಸ ತೋರಿಸುತ್ತದೆ. ಇನ್ನು ಆ ಪಿಸಿಗೆ ಮಾನಿಟರ್ ಬೇಡ. ಬೇರೆ ಪಿಸಿಯ ಬ್ರೌಸರ್‌ನಲ್ಲಿ ಆ ವಿಳಾಸ ಹಾಕು. ಹೆಸರು ಅಡ್ಮಿನ್, ಪಾಸ್‌ವರ್ಡ್ ಓಪನ್‌ಮೀಡಿಯಾವಾಲ್ಟ್. ಇದು ಜಗತ್ತಿಗೇ ಗೊತ್ತಿರುವ ಪಾಸ್‌ವರ್ಡ್, ಒಳಗೆ ಹೋದ ಕೂಡಲೇ ಬದಲಿಸು.

ಇನ್ನೊಂದು. ಏನೇ ಬದಲಾವಣೆ ಮಾಡಿ ಸೇವ್ ಒತ್ತಿದರೂ ಮೇಲೆ ಹಳದಿ ಪಟ್ಟಿ ಬರುತ್ತದೆ. ಅದರಲ್ಲಿರುವ ಟಿಕ್ ಗುರುತು ಒತ್ತುವವರೆಗೆ ಆ ಬದಲಾವಣೆ ಜಾರಿಗೆ ಬರುವುದಿಲ್ಲ. ಹೊಸಬರಲ್ಲಿ ಅರ್ಧ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಶಿರಸಿ_ಹುಡುಗ · ಸೋಮವಾರ ಬೆಳಿಗ್ಗೆ 8:30

ಸರ್, ತುಂಬಾ ಥ್ಯಾಂಕ್ಸ್. ಎರಡು ಡಿಸ್ಕ್‌ಗಳನ್ನು ರೇಡ್ 1 ಮಾಡಲಾ?

ಹಳೇ_ಲಿನಕ್ಸಿಗ · ಸೋಮವಾರ ಬೆಳಿಗ್ಗೆ 8:52

ನಾನಾದರೆ ಮಾಡುವುದಿಲ್ಲ. ರೇಡ್ 1ರಲ್ಲಿ ಎರಡೂ ಡಿಸ್ಕ್ ಪ್ರತಿಕ್ಷಣ ಒಂದೇ ಥರ ಇರುತ್ತವೆ. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ, ಅಂಗಡಿ ನಿಲ್ಲುವುದಿಲ್ಲ. ಆದರೆ ಚಿಕ್ಕಪ್ಪ ಅಥವಾ ಅಂಗಡಿಯ ಹುಡುಗ ಒಂದು ಮದುವೆಯ ಫೋಲ್ಡರ್ ಡಿಲೀಟ್ ಮಾಡಿದರೆ? ಎರಡೂ ಕಡೆ ಅದೇ ಕ್ಷಣ ಹೋಯಿತು. ಸ್ಟುಡಿಯೋದಲ್ಲಿ ಡಿಸ್ಕ್ ಕೆಡುವುದಕ್ಕಿಂತ ಕೈತಪ್ಪು ಜಾಸ್ತಿ ಅಲ್ವಾ?

ಒಂದು ಡಿಸ್ಕ್ ಕೆಲಸಕ್ಕೆ ಇರಲಿ. ಇನ್ನೊಂದಕ್ಕೆ ರಾತ್ರಿ ಎರಡು ಗಂಟೆಗೆ ಆರ್‌ಸಿಂಕ್ ಮೂಲಕ ನಕಲು ಹೋಗಲಿ. ಅದರಲ್ಲಿ ಡಿಲೀಟ್ ಆಯ್ಕೆ ಹಾಕಬೇಡ. ಅಳಿಸಿದ್ದು ಅಲ್ಲಿ ಉಳಿದಿರುತ್ತದೆ. ವರ್ಷಕ್ಕೊಮ್ಮೆ ಗುಡಿಸಿದರಾಯಿತು.

ಡಿಟಿಪಿ_ಸುಮಾ · ಸೋಮವಾರ ಬೆಳಿಗ್ಗೆ 11:05

ಇದರ ಜೊತೆ ಮೂರನೇ ಪ್ರತಿಯೊಂದು ಅಂಗಡಿಯಿಂದ ಹೊರಗೆ ಇರಲಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ 3-2-1 ಲೆಕ್ಕವನ್ನು ಜನರಿಗೆ ಹೇಳಿಕೊಟ್ಟವರೂ ಪೀಟರ್ ಕ್ರೋ ಎಂಬ ಫೋಟೋಗ್ರಾಫರ್. ನಮ್ಮ ಪ್ರೆಸ್‌ನಲ್ಲಿ ಪ್ರತಿ ಶನಿವಾರ ಒಂದು ಎಕ್ಸ್‌ಟರ್ನಲ್ ಡಿಸ್ಕ್ ನನ್ನ ಬ್ಯಾಗಿನಲ್ಲಿ ಮನೆಗೆ ಹೋಗುತ್ತದೆ, ಸೋಮವಾರ ವಾಪಸ್ ಬರುತ್ತದೆ. ಟಿಫನ್ ಡಬ್ಬಿಯ ಪಕ್ಕದಲ್ಲೇ.

ಮತ್ತೆ ಒಂದು ಪ್ರಶ್ನೆ. ನಿಮ್ಮ ಚಿಕ್ಕಪ್ಪ ಫೈಲ್‌ಗಳಿಗೆ ಕನ್ನಡದಲ್ಲಿ ಹೆಸರು ಕೊಡುತ್ತಾರಾ? ಕೊಡುತ್ತಾರಾದರೆ ಹೇಳಿ, ಒಂದು ತಾಪತ್ರಯ ಇದೆ.

ಶಿರಸಿ_ಹುಡುಗ · ಸೋಮವಾರ ಬೆಳಿಗ್ಗೆ 11:20

ಕನ್ನಡದಲ್ಲೇ ಮೇಡಂ. ಉದ್ದುದ್ದ. ಯಾಕೆ?

ಜೋಳದರೊಟ್ಟಿ · ಸೋಮವಾರ ಮಧ್ಯಾಹ್ನ 1:10

ನಡುವೆ ಬಾಯಿ ಹಾಕುತ್ತೇನೆ ರೀ, ನಾನು ಕೇಬಲ್ ಎಳೆಯುವ ಮನುಷ್ಯ. ಡಿಸ್ಕ್, ಸಾಫ್ಟ್‌ವೇರ್ ಎಲ್ಲಾ ನೋಡುತ್ತೀರಿ, ಗೋಡೆ ಮೇಲಿನ ಲ್ಯಾನ್ ಕೇಬಲ್ ಯಾರೂ ನೋಡುವುದಿಲ್ಲ. ಹೋದ ಕೂಡಲೇ ಪಿನ್ ಹಿಡಿದು ಬೆಳಕಿಗೆ ನೋಡಿ. ಒಳಗೆ ಎಂಟು ತಂತಿ ಇರಬೇಕು. ಭಾಳ ಕಡೆ ನಾಲ್ಕೇ ತಂತಿ ಕ್ರಿಂಪ್ ಮಾಡಿ ಹೋಗಿರುತ್ತಾರೆ. ನೆಟ್ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ನಾಲ್ಕು ತಂತಿಯಲ್ಲಿ 100 ಎಂಬಿಪಿಎಸ್ ದಾಟುವುದಿಲ್ಲ. ಅಂದರೆ ಸೆಕೆಂಡಿಗೆ ಹನ್ನೊಂದು ಹನ್ನೆರಡು ಎಂಬಿ. ಎಂಟು ತಂತಿ ಇದ್ದರೆ ಗಿಗಾಬಿಟ್, ಸೆಕೆಂಡಿಗೆ 110 ಎಂಬಿ ತನಕ. 1 ಟಿಬಿ ಸಾಗಿಸಲು ಒಂದರಲ್ಲಿ ಒಂದು ಹಗಲು ಒಂದು ರಾತ್ರಿ, ಇನ್ನೊಂದರಲ್ಲಿ ಎರಡೂವರೆ ತಾಸು. ನಿಮಗಿರುವುದು ಎರಡು ದಿನ, ಲೆಕ್ಕ ಹಾಕಿ.

ಮ್ಯೂನಿಕ್_ಕನ್ನಡಿಗ · ಸೋಮವಾರ ಸಂಜೆ 7:45

ದೂರದಿಂದ ನೋಡಿಕೊಳ್ಳುವ ವಿಷಯ ನನ್ನದು. ಮೈಸೂರಿನಲ್ಲಿ ಅಪ್ಪನ ಮನೆಯಲ್ಲಿ ಇಂಥದ್ದೇ ಪೆಟ್ಟಿಗೆ ಇದೆ, ನಾನು ಇಲ್ಲಿಂದ ನೋಡಿಕೊಳ್ಳುತ್ತೇನೆ.

ಮೊದಲು ಊರಿನ ರೂಟರ್‌ಗೆ ಹೋಗಿ ವ್ಯಾನ್ ಐಪಿ (ರೂಟರ್‌ಗೆ ಕಂಪನಿ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮದು ಸಿಜಿನ್ಯಾಟ್ ಹಿಂದಿರುವ ಕನೆಕ್ಷನ್. ಒಂದೇ ಹೊರ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚಿರುತ್ತಾರೆ. ಆಗ ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಹೊರಗಿನಿಂದ ಬರಲು ಆಗುವುದೇ ಇಲ್ಲ. ಬೆಣ್ಣೆದೋಸೆಯವರ ಸಲಹೆ ಅಲ್ಲಿಗೇ ಮುಗಿಯಿತು 🙂

ದಾರಿ ಟೇಲ್‌ಸ್ಕೇಲ್, ನಿಮ್ಮ ಸಾಧನಗಳ ನಡುವೆ ಮಾತ್ರ ಖಾಸಗಿ ಸುರಂಗ ಕಟ್ಟುವ ವಿಪಿಎನ್. ಒಳಗಿರುವುದು ವೈರ್‌ಗಾರ್ಡ್ ಎಂಬ ಸುರಂಗ ತಂತ್ರ. ಅದು 2020ರಲ್ಲಿ ಲಿನಕ್ಸ್ 5.6ರ ಕರ್ನೆಲ್ ಒಳಗೇ ಸೇರಿಕೊಂಡಿತು, ಹಾಗಾಗಿ ನಂಬಬಹುದು. ಎಸ್‌ಎಸ್‌ಎಚ್ (ಬೇರೆ ಪಿಸಿಯಿಂದ ಆದೇಶ ಟೈಪ್ ಮಾಡುವ ದಾರಿ) ಮೂಲಕ ಓಎಂವಿ ಒಳಗೆ ಹೋಗಿ ಟೇಲ್‌ಸ್ಕೇಲ್ ಹಾಕಿ, ಅದು ಕೊಡುವ ಲಿಂಕ್ ತೆರೆದು ನಿಮ್ಮ ಖಾತೆಗೆ ಸೇರಿಸಿ. ನಿಮ್ಮ ಲ್ಯಾಪ್‌ಟಾಪ್‌ಗೂ ಹಾಕಿ. ಎರಡೂ ಒಂದೇ ಕೋಣೆಯಲ್ಲಿರುವ ಹಾಗೆ ಮಾತಾಡುತ್ತವೆ. ಎರಡೂ ಸಾಧನಗಳು ಒಳಗಿನಿಂದ ಹೊರಗೆ ಕರೆ ಮಾಡುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ನೇರ ದಾರಿ ಸಿಗದಿದ್ದರೆ ಅವರ ರಿಲೇ ಸರ್ವರ್ ಮೂಲಕ ಹೋಗುತ್ತದೆ, ನಿಧಾನ ಆಗುತ್ತದೆ ಅಷ್ಟೇ. ಪ್ಯಾನೆಲ್ ನೋಡಲು ಸಾಕು.

ಈಗ ನಾನು ಪೆಟ್ಟು ತಿಂದ ಜಾಗ. ಟೇಲ್‌ಸ್ಕೇಲ್‌ನಲ್ಲಿ ಪ್ರತಿ ಸಾಧನದ ಕೀಲಿಗೆ ಅವಧಿ ಇರುತ್ತದೆ. ಸುಮ್ನೆ ಬಿಟ್ಟರೆ 180 ದಿನ. ಆಮೇಲೆ ಮತ್ತೆ ಲಾಗಿನ್ ಕೇಳುತ್ತದೆ. ನಾನು ಮ್ಯೂನಿಕ್‌ನಲ್ಲಿ, ಪೆಟ್ಟಿಗೆ ಮೈಸೂರಿನಲ್ಲಿ, ಲಾಗಿನ್ ಆಗಬೇಕಾದವರು ಎಪ್ಪತ್ತೆರಡು ವರ್ಷದ ಅಪ್ಪ. ಫೋನ್‌ನಲ್ಲಿ "ಹೈಫನ್ ಹೈಫನ್, ಅಪ್ಪ, ಎರಡು ಸಲ ಹೈಫನ್" ಅಂತ ನಾನು, "ಅಡ್ಡಗೆರೆ ಅಂತ ಹೇಳಬಾರದಾ" ಅಂತ ಅವರು. ನಲವತ್ತು ನಿಮಿಷ ಹಿಡಿಯಿತು. ಅಡ್ಮಿನ್ ಪುಟದಲ್ಲಿ ಆ ಪೆಟ್ಟಿಗೆಯ ಕೀಲಿ ಅವಧಿಯನ್ನು ಮೊದಲ ದಿನವೇ ತೆಗೆದುಹಾಕಿ.

ಕೆರೆಏರಿ · ಸೋಮವಾರ ರಾತ್ರಿ 8:02

ನನಗೂ ಇದೇ ಬೇಕಿತ್ತು. ಓದುತ್ತಿದ್ದೇನೆ.

ಡಿಟಿಪಿ_ಸುಮಾ · ಸೋಮವಾರ ರಾತ್ರಿ 9:30

ಬೆಳಿಗ್ಗೆ ಪ್ರೂಫ್ ಬಂತು, ಅರ್ಧಕ್ಕೆ ಬಿಟ್ಟಿದ್ದೆ.

ಕನ್ನಡ ಹೆಸರಿನ ಕಥೆ. ವಿಂಡೋಸ್‌ನಲ್ಲಿ ಒಂದು ಫೈಲಿನ ಹೆಸರು 255 ಸಂಕೇತಗಳವರೆಗೆ ಇರಬಹುದು. ಓಎಂವಿಯಲ್ಲಿ ಡಿಸ್ಕ್ ಸಾಮಾನ್ಯವಾಗಿ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿರುತ್ತದೆ, ಅಲ್ಲೂ ಮಿತಿ 255. ಆದರೆ ಅಲ್ಲಿ ಎಣಿಸುವುದು ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು. ಅದೂ ನಾವು ಅಂದುಕೊಳ್ಳುವ ಅಕ್ಷರಕ್ಕಲ್ಲ. ವ್ಯಂಜನಕ್ಕೆ ಮೂರು, ಗುಣಿತದ ಚಿಹ್ನೆಗೆ ಮೂರು, ಒತ್ತಕ್ಷರ ಬಂದರೆ ಅದರ ವಿರಾಮಕ್ಕೆ ಮೂರು. "ದೊಡ್ಡ" ಅಂದರೆ ನಮಗೆ ಎರಡು ಅಕ್ಷರ. ಡಿಸ್ಕ್‌ಗೆ 15 ಬೈಟ್. "ಸ್ತ್ರೀ" ಒಂದೇ ಅಕ್ಷರ, 18 ಬೈಟ್. ಹಾಗಾಗಿ 85 ಸಂಕೇತ ದಾಟಿದ ಕನ್ನಡ ಹೆಸರು ವಿಂಡೋಸ್‌ನಲ್ಲಿ ಆರಾಮಾಗಿ ಇರುತ್ತದೆ, ಇಲ್ಲಿಗೆ ಕಾಪಿ ಆಗುವುದಿಲ್ಲ.

ಸಿನಾಲಜಿ ಕಂಪನಿಯ ಡಿಸ್ಕ್ ಪೆಟ್ಟಿಗೆ ತೆಗೆದುಕೊಂಡು ಎನ್‌ಕ್ರಿಪ್ಟ್ ಮಾಡಿದ ಫೋಲ್ಡರ್ ಇಟ್ಟುಕೊಂಡವರ ಗತಿ ಇನ್ನೂ ಕಷ್ಟ. ಅಲ್ಲಿ ಮಿತಿ 143. ಕನ್ನಡಕ್ಕೆ 47 ಸಂಕೇತ ಅಷ್ಟೇ.

ಶಿರಸಿ_ಹುಡುಗ · ಮುಂದಿನ ಭಾನುವಾರ ರಾತ್ರಿ 11:15

ಶಿರಸಿಯಿಂದ ಬಸ್‌ನಲ್ಲಿ ಕೂತು ಬರೆಯುತ್ತಿದ್ದೇನೆ.

ಇನ್‌ಸ್ಟಾಲ್ ನಿಜವಾಗಿಯೂ ಇಪ್ಪತ್ತೆರಡು ನಿಮಿಷದಲ್ಲಿ ಮುಗಿಯಿತು. ಉಳಿದ ಎರಡು ದಿನ ಬೇರೆ ಎಲ್ಲದಕ್ಕೂ ಹೋಯಿತು.

ಲಿನಕ್ಸಿಗ ಸರ್, ನೀವು ಹೇಳಿದ್ದನ್ನು ಓದಿಯೂ ಹಳದಿ ಪಟ್ಟಿಯಲ್ಲಿ ಬಿದ್ದೆ. ಚಿಕ್ಕಪ್ಪನ ಹೆಸರಲ್ಲಿ ಯೂಸರ್ ಮಾಡಿದೆ, ಫೋಲ್ಡರ್ ಹಂಚಿದೆ, ವಿಂಡೋಸ್‌ನಿಂದ ತೆರೆದರೆ ಇಲ್ಲ ಅನ್ನುತ್ತದೆ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಚಿಕ್ಕಮ್ಮ ಚಹಾ ತಂದಿಟ್ಟು ಪರದೆ ನೋಡಿ, "ಮೇಲೆ ಏನೋ ಹಳದಿ ಬಂಜಲ, ಅದೆಂತು?" ಅಂದರು.

ಜೋಳದರೊಟ್ಟಿ ಅಣ್ಣ, ನಿಮ್ಮ ಮಾತು ಅಕ್ಷರಶಃ ನಿಜ. ನಾಲ್ಕೇ ತಂತಿ! ಕಾಪಿ 11.2ಕ್ಕೆ ನಿಂತಿತ್ತು, ಅಲ್ಲಾಡಲಿಲ್ಲ. ಪೇಟೆಗೆ ಹೋಗಿ ಹೊಸ ಕೇಬಲ್ ತಂದು ಹಾಕಿದ ಮೇಲೆ 105 ಬಂತು. ಇಲ್ಲದಿದ್ದರೆ ಇವತ್ತು ಬಸ್ ಹತ್ತುತ್ತಿರಲಿಲ್ಲ.

ಒಂದು ಎಡಿಟಿಂಗ್ ಪಿಸಿ ಹೊಸದು, ವಿಂಡೋಸ್ 11 ಪ್ರೊ 24ಎಚ್2. ಪಾಸ್‌ವರ್ಡ್ ಬೇಡ, ಗೆಸ್ಟ್ ಇರಲಿ ಅಂತ ಚಿಕ್ಕಪ್ಪ ಹಟ ಹಿಡಿದಿದ್ದರು. ಅದರಲ್ಲಿ ಗೆಸ್ಟ್ ಬಿಡುವುದೇ ಇಲ್ಲ. ನಿಮ್ಮ ಸಂಸ್ಥೆಯ ಭದ್ರತಾ ನಿಯಮ ತಡೆಯುತ್ತಿದೆ ಅನ್ನುತ್ತದೆ. "ಯಾವ ಸಂಸ್ಥೆ? ಇಲ್ಲಿ ನಾನೇ ಅಲ್ದಾ ಮಾಲೀಕ?" ಅಂತ ಅವರ ಸಿಟ್ಟು. ಕೊನೆಗೆ ಪಾಸ್‌ವರ್ಡ್‌ಗೆ ಒಪ್ಪಿದರು.

ಸುಮಾ ಮೇಡಂ, ಈ ಹೆಸರು ನೋಡಿ. ಕಾಪಿ ಆಗದೆ ನಿಂತದ್ದು ಇದು:

"ದೊಡ್ಡಮನೆ ಗೃಹಪ್ರವೇಶ ಸತ್ಯನಾರಾಯಣ ಪೂಜೆ ಎರಡನೇ ದಿನ ಬೆಳಿಗ್ಗೆ ಅತಿಥಿಗಳ ಊಟದ ಪಂಕ್ತಿ ಮತ್ತು ಫ್ಯಾಮಿಲಿ ಗ್ರೂಪ್ ಫೋಟೋ ಫೈನಲ್ ಸೆಲೆಕ್ಷನ್"

ಎಣಿಸಿದೆ. ವಿಂಡೋಸ್ ಲೆಕ್ಕದಲ್ಲಿ 115. ಇಎಕ್ಸ್‌ಟಿ4 ಲೆಕ್ಕದಲ್ಲಿ 315 ಬೈಟ್. ಇಂಥವು ನಲವತ್ತಕ್ಕೂ ಜಾಸ್ತಿ ಸಿಕ್ಕವು. ಎಲ್ಲ ಕುಯ್ದು ಚಿಕ್ಕದು ಮಾಡಿದೆ. ಈಗ ಮೊದಲು ತಾರೀಖು, ಆಮೇಲೆ ಮನೆಯ ಹೆಸರು, ಆಮೇಲೆ ಕಾರ್ಯ. "ಊಟದ ಪಂಕ್ತಿ" ಬೇರೆ ಫೋಲ್ಡರ್ ಆಗಿ ಒಳಗೆ ಹೋಯಿತು.

ರೂಟರ್ ನೋಡಿದೆ, 100.70 ಅಂತ ಶುರುವಾಗುತ್ತದೆ. ಟೇಲ್‌ಸ್ಕೇಲ್ ಹಾಕಿ ಕೀಲಿ ಅವಧಿ ತೆಗೆದೆ. ಈಗ ಬಸ್‌ನಲ್ಲಿ ಫೋನ್‌ನಿಂದ ಪ್ಯಾನೆಲ್ ತೆರೆದಿದ್ದೇನೆ. ಡಿಸ್ಕ್ 34 ಡಿಗ್ರಿ ಇದೆ ಅಂತೆ. ಸುಮ್ನೆ ನೋಡುತ್ತಾ ಕೂತಿದ್ದೇನೆ 😄

ಹಳೇ_ಲಿನಕ್ಸಿಗ · ಸೋಮವಾರ ಬೆಳಿಗ್ಗೆ 6:40

ಭೇಷ್. ಆದರೆ ನೀನು ನೋಡುವಾಗ ಮಾತ್ರ ಗೊತ್ತಾಗುವುದು ಸಾಲದು, ಅದೇ ನಿನಗೆ ಹೇಳಬೇಕು. ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಡುವ ವ್ಯವಸ್ಥೆ) ಆನ್ ಮಾಡು. ವಾರಕ್ಕೊಮ್ಮೆ ಚಿಕ್ಕ ಪರೀಕ್ಷೆ, ತಿಂಗಳಿಗೊಮ್ಮೆ ದೊಡ್ಡದು. ಮೇಲ್ ಬರುವ ಹಾಗೆ ಮಾಡು. ಜಿಮೇಲ್ ಆದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, 2022ರ ಮೇನಲ್ಲಿ ಅದನ್ನು ನಿಲ್ಲಿಸಿದರು. ಎರಡು ಹಂತದ ಪರಿಶೀಲನೆ ಆನ್ ಮಾಡಿ ಹದಿನಾರು ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೋ. ಪೋರ್ಟ್ 587.

ಸ್ಮಾರ್ಟ್ ಪಟ್ಟಿಯಲ್ಲಿ ಇಪ್ಪತ್ತು ಸಾಲು ಕಾಣುತ್ತವೆ. ನೀನು ನೋಡಬೇಕಾದ್ದು 5, 197, 198. ಮೂರೂ ಸೊನ್ನೆ ಇದ್ದರೆ ನಿದ್ದೆ ಮಾಡು. 197 ಅಂದರೆ ಓದಲು ತಕರಾರು ಮಾಡುತ್ತಿರುವ, ಇನ್ನೂ ತೀರ್ಮಾನ ಆಗದ ಸೆಕ್ಟರ್‌ಗಳು. 5 ಅಂದರೆ ಕೆಟ್ಟಿತು ಅಂತ ಬದಲಿಸಿದವು. ಏರುತ್ತಾ ಹೋದರೆ ಹೊಸ ಡಿಸ್ಕ್‌ಗೆ ದುಡ್ಡು ಎತ್ತಿಡು.

ಕಡಲತಡಿ · ಸೋಮವಾರ ಬೆಳಿಗ್ಗೆ 9:10

ಮಲೆನಾಡು ಅಲ್ವಾ, ಗುಡುಗು ಸಿಡಿಲಿಗೆ ಎಂತ ಮಾಡಿದ್ದೀರಿ? ನಮ್ಮಲ್ಲಿ ಮೇ ತಿಂಗಳ ಒಂದು ಸಂಜೆಗೆ ರೂಟರ್, ಸ್ವಿಚ್, ಪಿಸಿಯ ಲ್ಯಾನ್ ಪೋರ್ಟ್ ಮೂರೂ ಹೋಯಿತು. ಕರೆಂಟ್ ಪ್ಲಗ್ ತೆಗೆದಿದ್ದೆವು. ಲ್ಯಾನ್ ಕೇಬಲ್ ತೆಗೆದಿರಲಿಲ್ಲ. ಫೈಬರ್ ಗಾಜು, ಅದರಲ್ಲಿ ಸಿಡಿಲು ಬರುವುದಿಲ್ಲ ನಿಜ. ಆದರೆ ಅದರ ಪೆಟ್ಟಿಗೆಗೆ ಅಡಾಪ್ಟರ್ ಇದೆ, ಅಲ್ಲಿಂದ ತಾಮ್ರದ ತಂತಿ ನಿಮ್ಮ ಡಿಸ್ಕ್ ತನಕ ಹೋಗುತ್ತದೆ.

ಮತ್ತೆ, ಚಿಕ್ಕಪ್ಪನಿಗೆ ಆಫ್ ಮಾಡಲು ಹೇಳಿಕೊಟ್ಟಿದ್ದೀರಾ? ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಪವರ್ ಬಟನ್‌ಗೆ ಶಟ್‌ಡೌನ್ ಅಂತ ಇಡಿ. ಒಂದು ಸಲ ಒತ್ತಿ ಬಿಡಬೇಕು. ಹಿಡಿದುಕೊಳ್ಳಬಾರದು.

ಶಿರಸಿ_ಹುಡುಗ · ಮೂರು ವಾರದ ನಂತರ, ಗುರುವಾರ ರಾತ್ರಿ 8:20

ಸಹಾಯ ಬೇಕು. ಮಧ್ಯಾಹ್ನ ಊರಿನಲ್ಲಿ ಜೋರು ಮಳೆ. ಚಿಕ್ಕಪ್ಪ ಸರಿಯಾಗೇ ಮಾಡಿದರು. ಬಟನ್ ಒಂದು ಸಲ ಒತ್ತಿದರು, ಆಫ್ ಆಯಿತು, ಪ್ಲಗ್ ಮತ್ತು ಲ್ಯಾನ್ ಎರಡೂ ಎಳೆದರು. ಸಂಜೆ ಎಲ್ಲ ಹಾಕಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಆದರೆ ನನಗೆ ಟೇಲ್‌ಸ್ಕೇಲ್‌ನಲ್ಲಿ ಆಫ್‌ಲೈನ್. ಎಡಿಟಿಂಗ್ ಪಿಸಿಗಳಿಗೂ ಸಿಗುತ್ತಿಲ್ಲ. ಡಿಸ್ಕ್ ಹೋಯಿತಾ?

ಜೋಳದರೊಟ್ಟಿ · ಗುರುವಾರ ರಾತ್ರಿ 8:26

ಗಾಬರಿ ಬೇಡ ರೀ. ಮಾನಿಟರ್ ಹಚ್ಚಿ ನೋಡಲು ಹೇಳಿ. ಅದು ಏನೋ ಹೇಳುತ್ತಿದೆ, ಕೇಳುವವರು ಇಲ್ಲ ಅಷ್ಟೇ.

ಹಳೇ_ಲಿನಕ್ಸಿಗ · ಗುರುವಾರ ರಾತ್ರಿ 8:31

ಪಿಸಿ ಎಷ್ಟು ಹಳೆಯದು? ಹತ್ತು ವರ್ಷ ದಾಟಿದೆ ಅಲ್ವಾ? ಮದರ್‌ಬೋರ್ಡ್ ಮೇಲಿನ ನಾಣ್ಯದ ಬ್ಯಾಟರಿ ಸತ್ತಿರುತ್ತದೆ ಅಂತ ನನ್ನ ಪಣ.

ಶಿರಸಿ_ಹುಡುಗ · ಗುರುವಾರ ರಾತ್ರಿ 9:15

ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು.

ಚಿಕ್ಕಪ್ಪ ಎಡಿಟಿಂಗ್ ಪಿಸಿಯ ಮಾನಿಟರ್ ಬಿಚ್ಚಿ ಇದಕ್ಕೆ ಹಾಕಿದರು. ವಿಡಿಯೋ ಕಾಲ್‌ನಲ್ಲಿ ಪರದೆ ತೋರಿಸಿದರು. ಮೊದಲು ಹತ್ತು ನಿಮಿಷ ಬರೀ ಅವರ ಹೆಬ್ಬೆರಳು ಕಂಡಿತು. ಆಮೇಲೆ ಕಂಡಿತು: ಸೆಟ್ಟಿಂಗ್ ಹೋಗಿದೆ, ಮುಂದೆ ಹೋಗಲು ಎಫ್1 ಒತ್ತಿ. ಕೀಬೋರ್ಡೇ ಇಲ್ಲದ ಪಿಸಿ, ಎಫ್1 ಯಾರು ಒತ್ತಬೇಕು? ಮೂರು ತಾಸಿನಿಂದ ಪಾಪ ಅದು ಕಾಯುತ್ತಾ ಕೂತಿತ್ತು. ಕೀಬೋರ್ಡ್ ಚುಚ್ಚಿ ಎಫ್1 ಒತ್ತಿದರು. ಎರಡು ನಿಮಿಷದಲ್ಲಿ ನನಗೆ ಆನ್‌ಲೈನ್ ಬಂತು.

ಹಳೇ_ಲಿನಕ್ಸಿಗ · ಗುರುವಾರ ರಾತ್ರಿ 9:24

ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಸತ್ತ ಬ್ಯಾಟರಿ ಗೊತ್ತಾಗುವುದಿಲ್ಲ. ಪ್ಲಗ್ ಎಳೆದ ದಿನವೇ ಬಯೋಸ್ (ಪಿಸಿಯನ್ನು ಎಬ್ಬಿಸುವ ಸಾಫ್ಟ್‌ವೇರ್) ಎಲ್ಲ ಮರೆತುಬಿಡುತ್ತದೆ. ಸಿಆರ್2032 ಅಂತ ಕೇಳಿ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಹಾಕಿದ ಮೇಲೆ ಬಯೋಸ್‌ಗೆ ಹೋಗಿ ಎರಡು ಸೆಟ್ಟಿಂಗ್ ಮಾಡಬೇಕು. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗಬೇಕು. ಕೀಬೋರ್ಡ್ ಇಲ್ಲ ಅಂತ ನಿಲ್ಲಬಾರದು. ತಾರೀಖೂ ನೋಡು, ಅದು ಹಳೇ ವರ್ಷಕ್ಕೆ ಹೋಗಿರುತ್ತದೆ.

ಬೆಣ್ಣೆದೋಸೆ · ಗುರುವಾರ ರಾತ್ರಿ 9:40

ಇದ್ದಕ್ಕಿದ್ದಂತೆ ಕರೆಂಟ್ ಹೋದರೆ? ಚಿಕ್ಕಪ್ಪ ಊಟಕ್ಕೆ ಹೋಗಿರುವಾಗ?

ಕಡಲತಡಿ · ಗುರುವಾರ ರಾತ್ರಿ 9:52

ಒಳ್ಳೆ ಪ್ರಶ್ನೆ. ಮನೆ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ. ಮಾಮೂಲಿ ಮೋಡ್‌ನಲ್ಲಿ ಬದಲಾಗುವಷ್ಟರಲ್ಲಿ ಪಿಸಿ ಒಮ್ಮೆ ಆಫ್ ಆಗಿಬಿಡುತ್ತದೆ. ಯುಎಸ್‌ಬಿ ಕೇಬಲ್ ಇರುವ ಚಿಕ್ಕ ಯುಪಿಎಸ್ ಆದರೆ ಇನ್ನೂ ಉತ್ತಮ. ಓಎಂವಿಯಲ್ಲಿ ಯುಪಿಎಸ್ ಜೊತೆ ಮಾತಾಡುವ ನಟ್ ಪ್ಲಗಿನ್ ಹಾಕಿದರೆ, ಬ್ಯಾಟರಿ ಕಡಿಮೆ ಆದಾಗ ಪೆಟ್ಟಿಗೆ ತಾನೇ ಶಾಂತವಾಗಿ ಮಲಗುತ್ತದೆ. ಇನ್ವರ್ಟರ್‌ಗೆ ಆ ಮಾತು ಬರುವುದಿಲ್ಲ, ಅದು ಕೊನೆಗೆ ಧಡಕ್ ಅಂತ ಕೈಕೊಡುತ್ತದೆ.

ಅಂದ ಹಾಗೆ ಬೆಣ್ಣೆದೋಸೆ, ಲಾಗ್ ನೋಡಿದಿರಾ?

ಬೆಣ್ಣೆದೋಸೆ · ಗುರುವಾರ ರಾತ್ರಿ 10:05

ನೋಡಿದೆ ಅಕ್ಕ. ಅವತ್ತೇ ನೋಡಿದೆ. ಸಾಲು ಸಾಲು ಇತ್ತು, ಸ್ಕ್ರೋಲ್ ಮಾಡಿ ಬೆರಳು ನೋಯಿತು. ಪೋರ್ಟ್ ಮುಚ್ಚಿದ್ದೇನೆ. ನಾನೂ ಟೇಲ್‌ಸ್ಕೇಲ್ ಹಾಕಿದೆ, ಇಲ್ಲಿ ಹೇಳಲು ನಾಚಿಕೆ ಆಗಿ ಸುಮ್ಮನಿದ್ದೆ.

ಕಡಲತಡಿ · ಗುರುವಾರ ರಾತ್ರಿ 10:07

ನಾಚಿಕೆ ಎಂತದ್ದು. ಮುಚ್ಚಿದಿರಲ್ಲ, ಒಳ್ಳೆಯದಾಯಿತು.

ಶಿರಸಿ_ಹುಡುಗ · ಇನ್ನೊಂದು ತಿಂಗಳ ನಂತರ, ಬುಧವಾರ ಬೆಳಿಗ್ಗೆ 7:15

ಬ್ಯಾಟರಿ ಹಾಕಿಸಿದೆ, ಯುಪಿಎಸ್ ಬಂತು. ಏಳರಲ್ಲಿ ಐದು ಹಳೇ ಡಿಸ್ಕ್ ಪೂರ್ತಿ ಒಳಗೆ ಬಂದಿವೆ. ಆದರೆ ಇವತ್ತು ಬೆಳಗಿನ ಜಾವ ಮೊದಲ ಸಲ ಮೇಲ್ ಬಂತು. 5, 197, 198 ಮೂರೂ ಸೊನ್ನೆ. ಏರಿದ್ದು 199. ಮೊನ್ನೆ 0, ನಿನ್ನೆ 61, ಇವತ್ತು 214. ಡಿಸ್ಕ್ ಕೊಂಡು ಎರಡೂವರೆ ತಿಂಗಳೂ ಆಗಿಲ್ಲ!

ಹಳೇ_ಲಿನಕ್ಸಿಗ · ಬುಧವಾರ ಬೆಳಿಗ್ಗೆ 7:28

199 ಡಿಸ್ಕ್ ಕಾಯಿಲೆ ಅಲ್ಲ. ಡಿಸ್ಕ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ದಾರಿಯಲ್ಲಿ ಮಾತು ತಪ್ಪಾಗಿ ಕೇಳಿಸುತ್ತಿದೆ ಅಂತ ಅರ್ಥ. ಹೆಚ್ಚಾಗಿ ಸಾಟಾ ಕೇಬಲ್. ಬ್ಯಾಟರಿ ಹಾಕುವಾಗ ಯಾರದೋ ಕೈ ತಾಗಿ ಸಡಿಲ ಆಗಿರಬೇಕು. ಆಫ್ ಮಾಡಿಸಿ ಬೇರೆ ಕೇಬಲ್ ಹಾಕಿಸು.

ಶಿರಸಿ_ಹುಡುಗ · ಬುಧವಾರ ಸಂಜೆ 6:50

ಕೇಬಲ್ ಬದಲಿಸಿದರು. ಚಿಕ್ಕಪ್ಪನೇ ಮಾಡಿದರು, ನಾನು ವಿಡಿಯೋದಲ್ಲಿ ನೋಡುತ್ತಿದ್ದೆ, ಈ ಸಲ ಹೆಬ್ಬೆರಳು ಅಡ್ಡ ಬರಲಿಲ್ಲ. ಆಮೇಲೆ 60 ಜಿಬಿ ಕಾಪಿ ಮಾಡಿಸಿದೆ. ಆದರೂ 199 ಇನ್ನೂ 214 ಅಂತಲೇ ತೋರಿಸುತ್ತಿದೆ. ಸೊನ್ನೆ ಆಗುವುದು ಯಾವಾಗ?

ಹಳೇ_ಲಿನಕ್ಸಿಗ · ಬುಧವಾರ ಸಂಜೆ 6:58

ಆಗುವುದಿಲ್ಲ. ಆ ಎಣಿಕೆ ಡಿಸ್ಕ್ ಇರುವವರೆಗೆ ಹಾಗೇ ಇರುತ್ತದೆ. 215 ಆದರೆ ಹೇಳು.